ಗಾಳಿ ಸಾಲದ ಜನಾರ್ದನ

ಹಾಗೆ ಬರೆಯಬೇಡ ಮಗಾ, ಹಾಗೆ ಬರೆದರೆ ಜನಾರ್ದನ ಬುದ್ಧಿವಂತನಂತೆ ಕಾಣುತ್ತಾನೆ. ಅದನ್ನು ಹೊಡೆದುಹಾಕಿ ಮೊದಲಿನಿಂದ ಬರೆದುಕೋ. ಜನಾರ್ದನ ಕಾಸರಗೋಡಿನ ಕೂಡ್ಲಿನವನು. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಡಗಿನ ಸರಕು ಬಿಡಿಸಿಕೊಡುವ ಒಂದು ಕಚೇರಿಯಲ್ಲಿ ಗುಮಾಸ್ತ, ಮನೆ ತ್ರಿಪ್ಪುಣಿತ್ತುರದಲ್ಲಿ. ಒಳ್ಳೆಯ ಮನುಷ್ಯ. ಬೀಡಿಯಿಲ್ಲ, ಕುಡಿತವಿಲ್ಲ. ಕುಡಿತವಿದ್ದಿದ್ದರೆ ಸಾಯಂಕಾಲ ಒಂದು ಮೂಲೆಯಲ್ಲಿ ಬಿದ್ದುಕೊಂಡಿರುತ್ತಿದ್ದ, ಮನೆಯ ಸಾಮಾನುಗಳಾದರೂ ನೆಮ್ಮದಿಯಾಗಿರುತ್ತಿದ್ದವು.

ಅವನಿಗಿದ್ದ ಚಟ ಒಂದೇ, ಸರಿಯಾಗಿ ನಡೆಯುತ್ತಿರುವುದನ್ನು ಸುಧಾರಿಸುವುದು. ತೆಂಗಿನಕಾಯಿ ತುರಿಯುವ ಮಣೆಗೆ ಹಳೆಯ ಮಿಕ್ಸಿಯ ಮೋಟಾರು ಕಟ್ಟಿದ. ಪಾತ್ರೆ ಬಿಟ್ಟು ಉಳಿದೆಲ್ಲ ಕಡೆಗೂ ತುರಿ ಬಿತ್ತು, ವಿಷುವಿನ ದಿನ ಪಾಯಸಕ್ಕೆ ಗೋಡೆಯಿಂದ ಕೆರೆದು ತೆಗೆಯಬೇಕಾಯಿತು. ಬಾವಿಯ ಪಂಪಿಗೆ ತಾನಾಗಿ ನಿಲ್ಲುವ ಸ್ವಿಚ್ಚು ಇಟ್ಟ. ಅದು ತಾನಾಗಿ ನಿಂತಿತು, ಮತ್ತೆ ಯಾರು ಹೇಳಿದರೂ ಹೊರಡಲಿಲ್ಲ. ಅವನ ಹೆಂಡತಿ ಪ್ರೇಮ ಒಮ್ಮೆ ಗುರುವಾಯೂರಿಗೆ ಹೋಗಿ ಬಂದಾಗ, ದೇವರಲ್ಲಿ ಎಂತ ಕೇಳಿಕೊಂಡೆ ಎಂದು ಪಕ್ಕದ ಮನೆಯ ವಸಂತಿ ವಿಚಾರಿಸಿದಳು. "ಎಂತ ಕೇಳುದು, ಇವರ ಕೈಗೆ ಸ್ಕ್ರೂಡ್ರೈವರ್ ಸಿಗದ ಹಾಗೆ ಮಾಡು ಅಂತ ಕೇಳಿದೆ" ಎಂದಳಂತೆ ಪ್ರೇಮ. ಅಂಥ ದೊಡ್ಡ ದೇವರಿಗೂ ಅದೊಂದು ಕೈಲಾಗಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಶ್ರಾವ್ಯ. ಅಪ್ಪ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವವಳು. ಸಿಟ್ಟು ಬಂದಾಗ ಮಾತ್ರ ಅವಳ ಬಾಯಲ್ಲಿ ಕನ್ನಡ ಬರುತ್ತಿತ್ತು, ಅದೂ ಅಜ್ಜಿಯಂದಿರು ಮೆಚ್ಚುವಂಥ ಕನ್ನಡ. ಕಂಪ್ಯೂಟರಿನಲ್ಲಿ ಬೊಂಬೆಗಳನ್ನು ಓಡಾಡಿಸುವ ಸಿನಿಮಾ ವಿದ್ಯೆ ಕಲಿತಿದ್ದಳು. ಎರಡು ಸಾವಿರದ ಎಂಟರ ಮೀನಮಾಸದಲ್ಲಿ ತಿರುವನಂತಪುರದ ಕಳಕ್ಕೂಟಂನ ಒಂದು ಕಂಪನಿ ಅವಳನ್ನು ಕರೆಯಿತು. ಸೋಮವಾರ ಬಾ, ನೀನೇ ಮಾಡಿದ ಒಂದು ಚಿಕ್ಕ ಸಿನಿಮಾ ತಾ, ಅದನ್ನು ನೋಡಿ ಕೆಲಸ ಕೊಡುವುದೋ ಬಿಡುವುದೋ ಹೇಳುತ್ತೇವೆ ಎಂದರು. ಅವಳದ್ದು ಜೆಟ್ಟಿಯಲ್ಲಿ ಬೋಟು ಹತ್ತಲು ಒಪ್ಪದ ಒಂದು ಆಡಿನ ಕತೆ. ಆಡಿನ ಗಡ್ಡದ ಕೂದಲು ಒಂದೊಂದೂ ಬೇರೆ ಬೇರೆ ಅಲ್ಲಾಡುತ್ತಿತ್ತು. ಅಂಥ ಒಂದೊಂದು ಚಿತ್ರವನ್ನೂ ಕಂಪ್ಯೂಟರು ಕೂತು ಬರೆಯಬೇಕು, ಹಗಲು ರಾತ್ರಿ ಬಿಡದೆ. ಹೊರಗೆ ಮೀನಮಾಸದ ಸೆಕೆ, ಒಳಗೆ ಆಡಿನ ಗಡ್ಡ. ಕಂಪ್ಯೂಟರಿನ ಪೆಟ್ಟಿಗೆ ಕಾದು ಕಾದು ಪಟ್ಟನೆ ಆರಿಹೋಗುತ್ತಿತ್ತು.

ಪೆಟ್ಟಿಗೆಯೊಳಗೆ ಅದರ ಮಿದುಳು ಎನ್ನುವ ಚಿಪ್ಪಿನ ಮೇಲೆ ಒಂದು ಲೋಹದ ತುಂಡು, ಅದರ ತಲೆಯ ಮೇಲೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಫ್ಯಾನು, ಇಷ್ಟೇ ಇದ್ದದ್ದು. ಇದರ ಬದಲು ಎರ್ನಾಕುಳಂನ ಅಂಗಡಿಯಲ್ಲಿ ದೊಡ್ಡ ಫ್ಯಾನಿರುವುದು ಸಿಗುತ್ತದೆ, ಅದನ್ನು ತಂದರೆ ಸಾಕು ಎಂದಳು ಶ್ರಾವ್ಯ. ಯಾರಿಗಾದರೂ ಅರ್ಥವಾಗುವ ಮಾತು. ಬಿಸಿ ಗಂಜಿಯನ್ನು ಜನ ಊದಿ ಕುಡಿಯುತ್ತಾರೆ.

ಜನಾರ್ದನನಿಗೆ ಮಾತ್ರ ಗಾಳಿ ಎಂದರೆ ಅಸಡ್ಡೆ. ಅವನ ಕಚೇರಿಯಲ್ಲಿ ಸರಕಿನ ಜೊತೆ ನಮೂನೆ ಎಂದು ಬಂದ ಕಂಪ್ಯೂಟರನ್ನು ಗಾಳಿಯ ಬದಲು ನೀರು ಹರಿಸಿ ತಣಿಸುವ ಒಂದು ಕಿಟ್ಟು ಕಪಾಟಿನ ಮೇಲೆ ಬಿದ್ದಿತ್ತು. ಹೆಸರಿಲ್ಲದ ಕಂಪನಿಯದ್ದು, ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಆಟಿಕೆಯಂತೆ ಹಗುರ. ಒಂದು ಪುಟ್ಟ ಪಂಪು, ಮಿದುಳಿನ ಮೇಲೆ ಕೂರಿಸಲು ಒಂದು ತಾಮ್ರದ ಬಿಲ್ಲೆ, ಎರಡು ನಳಿಗೆ, ಕಾರಿನದ್ದರಂತೆ ಕಾಣುವ ಒಂದು ಅಂಗೈಯಗಲದ ರೇಡಿಯೇಟರು. ಯಾರಿಗೂ ಬೇಡವಾದದ್ದನ್ನು ಕೇಳಿ ತಂದ. ಬೇಡವಾದದ್ದು ಯಾಕೆ ಬೇಡವಾಯಿತು ಎಂದು ಯೋಚಿಸುವ ಜಾಗದಲ್ಲಿ ಆ ಮನುಷ್ಯನಿಗೆ ಹೆಮ್ಮೆ ಕೂತಿದೆ.

"ಕಾರಿಗೆ ನೀರು, ಸ್ಕೂಟರಿಗೆ ಗಾಳಿ. ನನ್ನ ಮಗಳ ಕಂಪ್ಯೂಟರ್ ಎಂತ ಸ್ಕೂಟರಾ?" ಎಂದು ಊಟದ ಮೇಜಿನಲ್ಲಿ ಕೇಳಿದ.

"ನಿಮ್ಮ ಸ್ಕೂಟರ್ ಹದಿನೈದು ವರ್ಷದಿಂದ ಓಡ್ತಾ ಉಂಟು. ಕಾರು ನಮ್ಮಲ್ಲಿ ಎಲ್ಲುಂಟು?" ಎಂದಳು ಪ್ರೇಮ, ಮಜ್ಜಿಗೆ ಬಡಿಸುತ್ತಾ.

"ನಿನಗೆ ಇದರ ವಿಜ್ಞಾನ ಗೊತ್ತಾಗುದಿಲ್ಲ."

"ಗೊತ್ತಾಗುದು ಬೇಡ. ಕರೆಂಟಿನ ಪೆಟ್ಟಿಗೆಯ ಒಳಗೆ ನೀರು ಬಿಡುದು ವಿಜ್ಞಾನ ಆದ್ರೆ ನಾನು ಅಡುಗೆಮನೆಯಲ್ಲೇ ಇರ್ತೇನೆ."

"ವೇಂಡ ಅಪ್ಪಾ, ಪ್ಲೀಸ್. ಫ್ಯಾನ್ ಮದಿ" ಎಂದಳು ಶ್ರಾವ್ಯ. ಬೇಡ, ಫ್ಯಾನೇ ಸಾಕು ಎಂದು. ಮಗು ಕೈಮುಗಿಯುವುದೊಂದು ಬಾಕಿ.

ಬೇಡ ಎಂಬುದು ಜನಾರ್ದನನ ಕಿವಿಗೆ ಯಾವ ಭಾಷೆಯಲ್ಲೂ ಬೀಳುವುದಿಲ್ಲ. ಅವನ ಮನಸ್ಸಿನಲ್ಲಿದ್ದದ್ದೇ ಬೇರೆ. ಮಗಳು ಕಳಕ್ಕೂಟಂಗೆ ಹೋಗಿ, ನಮ್ಮ ಅಪ್ಪ ಮನೆಯಲ್ಲೇ ನೀರಿನ ವ್ಯವಸ್ಥೆ ಮಾಡಿಕೊಟ್ಟರು ಎಂದು ಅಲ್ಲಿಯ ದೊಡ್ಡವರ ಎದುರು ಹೇಳಬೇಕು. ಅವರು ತಲೆದೂಗಬೇಕು. ಇಡೀ ಆಯುಷ್ಯ ಬೇರೆಯವರ ಸಾಮಾನಿನ ಕಾಗದಕ್ಕೆ ಸೀಲು ಹಾಕಿಸಿಕೊಂಡು ಬಂದವನಿಗೆ ಅಷ್ಟು ಆಸೆ ಬೇಡವೇ ಎಂದು ನೀನು ಕೇಳಬಹುದು. ಆಸೆ ಇರಲಿ ಮಗಾ. ಆಸೆಯನ್ನು ತನ್ನ ಸ್ಕೂಟರಿನ ಮೇಲೆ ತೀರಿಸಿಕೊಳ್ಳಬಹುದಿತ್ತು.

ಶುಕ್ರವಾರ ಶ್ರಾವ್ಯ ಸ್ನಾನಕ್ಕೆ ಹೋದದ್ದೇ ತಡ, ಪೆಟ್ಟಿಗೆ ಬಿಚ್ಚಿದ. ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದನ್ನು ಮುರಿದೇ ತೆಗೆದ. ಪಂಪು ಕೂರಿಸಿದ, ನಳಿಗೆ ಸಿಕ್ಕಿಸಿದ. ಆಮೇಲೆ ನೋಡಿದರೆ ಕಿಟ್ಟಿನ ಜೊತೆ ಬಂದ ಕೆಂಪು ದ್ರವದ ಬಾಟಲಿ ಯಾವಾಗಲೋ ಸೀಳಿ, ತಳದಲ್ಲಿ ಒಂದು ಗುಟುಕು ಉಳಿದಿತ್ತು. ಒಳಗೆ ತುಂಬಿಸಲು ಅರ್ಧದಷ್ಟೂ ಇಲ್ಲ.

ಈಗ ಕೇಳು ಆ ಮಹಾಶಯನ ಬುದ್ಧಿ. ಪ್ರೇಮ ಕೊಚ್ಚಿಗೆ ಬಂದ ಮೇಲೆ ಇಲ್ಲಿಯವರಂತೆ ಪತಿಮುಗಂ ಮರದ ಚಕ್ಕೆ ಹಾಕಿ ಕುಡಿಯುವ ನೀರು ಕುದಿಸುತ್ತಾಳೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಊರಿನಿಂದ ಬಂದ ನೆಂಟರು ಶರಬತ್ತು ಎಂದುಕೊಂಡು ಕುಡಿದು ಮುಖ ಮುಖ ನೋಡಿಕೊಳ್ಳುತ್ತಾರೆ. ಜನಾರ್ದನ ಅಡುಗೆಮನೆಯ ಹೂಜಿಯನ್ನು ಎತ್ತಿಕೊಂಡು ಬಂದ. ಬಾಟಲಿಯ ನೀರೂ ಕೆಂಪು, ಹೂಜಿಯ ನೀರೂ ಕೆಂಪು. ಕುದಿಸಿದ್ದು ಬೇರೆ, ಕ್ರಿಮಿಯಿಲ್ಲ. ಮನುಷ್ಯನ ಹೊಟ್ಟೆ ತಂಪಾಗಿಡುವುದು ಯಂತ್ರದ ಹೊಟ್ಟೆಗೆ ಸಾಲದೇ? ಹೂಜಿಯ ತಳದಲ್ಲಿದ್ದ ಚೂರುಪಾರು ಸಹಿತ ಹೊಯ್ದ. ಮಲಯಾಳಿಯಾಗಿದ್ದರೆ ಆ ನೀರನ್ನು ಹುಟ್ಟಿದಂದಿನಿಂದ ನೋಡಿದವನು, ಅದು ತಳದಲ್ಲಿ ಕೆಸರು ಬಿಡುತ್ತದೆಂದು ತಿಳಿದಿರುತ್ತಿದ್ದ. ಕೂಡ್ಲಿನಲ್ಲೇ ಇದ್ದಿದ್ದರೆ ಕೆಂಪು ನೀರೇ ಕೈಗೆ ಸಿಗುತ್ತಿರಲಿಲ್ಲ. ಅತ್ತಲೂ ಅಲ್ಲ ಇತ್ತಲೂ ಅಲ್ಲದ ಗಂಡಸಿಗಷ್ಟೇ ಸಾಧ್ಯವಾಗುವ ತಪ್ಪು ಅದು.

ಮೊದಲು ಚೆನ್ನಾಗಿಯೇ ನಡೆಯಿತು, ಕೇಡು ಬಂದದ್ದೇ ಅಲ್ಲಿ. ಸದ್ದಿಲ್ಲ, ಪೆಟ್ಟಿಗೆ ತಣ್ಣಗೆ. ಸ್ನಾನ ಮುಗಿಸಿ ಬಂದ ಶ್ರಾವ್ಯಳೂ ಕೈಯಿಟ್ಟು ನೋಡಿ ಆಡಿನ ಕೆಲಸಕ್ಕೆ ಕೂತಳು. ಜನಾರ್ದನ ವಸಂತಿಯ ಗಂಡನನ್ನು ಕರೆದು ತಂದು ತೋರಿಸಿದ. ಅವರು ಪಾಪ, ಚಪ್ಪಲಿ ಬಿಟ್ಟು ಒಳಗೆ ಬಂದು, ದೇವರ ಎದುರು ನಿಂತ ಹಾಗೆ ನಿಂತು, ಚಹಾ ಕುಡಿದು ಹೋದರು.

ಶನಿವಾರ ಮಧ್ಯಾಹ್ನ ಪಂಪು ಹೊಟ್ಟೆನೋವು ಬಂದ ಬೆಕ್ಕಿನಂತೆ ನರಳತೊಡಗಿತು. ಸಂಜೆಯ ಒಳಗೆ ಕಂಪ್ಯೂಟರು ಆರಿತು, ಮತ್ತೆ ಹಚ್ಚಿದರೆ ಮತ್ತೆ ಆರಿತು. ಶ್ರಾವ್ಯ ನಳಿಗೆ ಕಳಚಿ, ಮಿದುಳಿನ ಮೇಲೆ ಕೂರಿಸಿದ್ದ ತಾಮ್ರದ ಬಿಲ್ಲೆಯನ್ನು ಬಿಚ್ಚಿ ನೋಡಿದಳು. ಅದರೊಳಗಿನ ಕೂದಲೆಳೆಯಂಥ ಸಂದುಗಳಲ್ಲೆಲ್ಲ ಕೆಂಪು ಲೋಳೆ ಮೆತ್ತಿಕೊಂಡಿತ್ತು. ಬೆರಳಿಗೆ ಹಚ್ಚಿ ಮೂಸಿದಳು.

"ಅಪ್ಪ, ಇದಕ್ಕೆ ಎಂತ ಹಾಕಿದ್ದೀರಿ?" ಎಂದಳು.

ಕನ್ನಡದಲ್ಲಿ ಕೇಳಿದಳು. 

"ಅದು... ಬಾಟಲಿಯಲ್ಲಿ ಸ್ವಲ್ಪ ಕಡಿಮೆ ಇತ್ತು. ಕುಡಿಯುವ ನೀರೇ ಮಾರಾಯ್ತಿ, ಕುದಿಸಿ ಆರಿಸಿದ್ದು."

"ಇದಕ್ಕೆ ಎಂತ ಭೇದಿ ಆಗ್ತದೆ ಅಂತ ಕುದಿಸಿದ ನೀರು ಹಾಕಿದ್ದಾ?"

ಪ್ರೇಮ ಬಾಗಿಲಲ್ಲಿ ನಿಂತಿದ್ದಳು. "ಒಂದು ಜೀರಿಗೆ ಕಷಾಯವೂ ಹಾಕಬಹುದಿತ್ತು" ಎಂದಳು.

ಜನಾರ್ದನ ಸ್ಕ್ರೂಡ್ರೈವರಿಗೆ ಕೈಚಾಚಿದ. "ಮುಟ್ಟಬೇಡಿ" ಎಂದಳು ಮಗಳು. ಸ್ವರ ಏರಿಸಲಿಲ್ಲ. ಅವನು ಕೈ ಹಿಂದಕ್ಕೆ ತೆಗೆದು ಹೊರಗೆ ಹೋಗಿ ಮೆಟ್ಟಿಲಲ್ಲಿ ಕೂತ. ಆ ಹೊತ್ತಿಗೆ ಅರ್ಧಗಂಟೆಯ ಪವರ್‌ಕಟ್ಟೂ ಬಂತು. ಕತ್ತಲೆಯಲ್ಲಿ ಯಾರೂ ಅವನನ್ನು ಒಳಗೆ ಕರೆಯಲಿಲ್ಲ. ಅವಳ ಕೆಲಸ ಹೋದರೆ ಅದು ತನ್ನಿಂದ ಹೋದದ್ದು ಎಂಬುದು ಅಲ್ಲಿ, ಸೊಳ್ಳೆ ಹೊಡೆಯುತ್ತಾ, ಅವನಿಗೆ ಪೂರ್ತಿ ತಿಳಿಯಿತು. ತಿಳಿಯಿತು ಎಂದು ಬರೆದುಕೋ, ಬುದ್ಧಿ ಬಂತು ಎಂದು ಬರೆಯಬೇಡ.

ಒಳಗೆ ಶ್ರಾವ್ಯ ನೀರಿನ ಸಂಸಾರವನ್ನೆಲ್ಲ ಕಿತ್ತು ಬದಿಗಿಟ್ಟಳು. ಹಳೆಯ ಫ್ಯಾನನ್ನೇ ವಾಪಸು ಕೂರಿಸಿ, ಮುರಿದ ಕಾಲಿನ ಜಾಗದಲ್ಲಿ ತಂತಿ ಬಿಗಿದಳು. ಪೆಟ್ಟಿಗೆಯ ಒಂದು ಬದಿಯ ತಗಡು ತೆಗೆದು, ಎದುರಿಗೆ ಪ್ರೇಮಳ ಟೇಬಲ್ ಫ್ಯಾನು ಇಟ್ಟಳು. ಯಂತ್ರಕ್ಕೆ ಭಾರ ಕಡಿಮೆಯಾಗಲಿ ಎಂದು ಆಡಿನ ಗಡ್ಡದ ಕೂದಲು ಅರ್ಧಕ್ಕೆ ಇಳಿಸಿದಳು. ಭಾನುವಾರವಿಡೀ ಯಂತ್ರ ಆರಲಿಲ್ಲ. ಆ ಸೆಕೆಯಲ್ಲಿ ಮನೆಯವರೆಲ್ಲ ಬೀಸಣಿಗೆ ಹಿಡಿದು ಕೂತರು, ಫ್ಯಾನಿನ ಗಾಳಿ ಕಂಪ್ಯೂಟರಿಗೆ.

ಹೊತ್ತು ಮಾತ್ರ ಸಾಲಲಿಲ್ಲ. ಸೋಮವಾರ ಬೆಳಗಿನ ರೈಲಿಗೆ ಹೊರಡುವಾಗ ಸಿನಿಮಾದ ಕೊನೆಯ ತುಂಡು ಇಲ್ಲ. ಆಡು ಬೋಟಿನ ಹಲಗೆಯ ಹತ್ತಿರ ಬರುವಲ್ಲಿಗೆ ಮುಗಿದಿತ್ತು. ಕಳಕ್ಕೂಟಂನವರು ನೋಡಿ, ಕೆಲಸ ಚೆನ್ನಾಗಿದೆ, ಆದರೆ ಹೇಳಿದ ಹೊತ್ತಿಗೆ ಮುಗಿಸುವ ಅಭ್ಯಾಸವಿಲ್ಲ ಎಂದರು. ಆ ಮಾತು ಹೇಳಿಸಿಕೊಂಡದ್ದು ಯಾರಿಂದಾಗಿ ಎಂದು ಅವಳು ಅಲ್ಲಿ ಬಾಯಿಬಿಡಲಿಲ್ಲ. ಕೆಲಸ ಕೊಟ್ಟರು, ಒಂದು ಮೆಟ್ಟಿಲು ಕೆಳಗಿನದ್ದು, ಕಲಿಯುವವರ ಸಾಲಿನದ್ದು. ವರ್ಷವಿಡೀ ಬೇರೆಯವರ ಚಿತ್ರಕ್ಕೆ ಹುಲ್ಲು, ಕಲ್ಲು ಬಿಡಿಸಿಕೊಂಡು ಕೂತು, ಈಗಷ್ಟೇ ಮೇಲೆ ಬಂದಿದ್ದಾಳೆ. ಅಪ್ಪ ಫೋನು ಮಾಡಿದರೆ ಮಲಯಾಳದಲ್ಲೇ ಮಾತಾಡುತ್ತಾಳೆ, ಹಾಗಾಗಿ ಎಲ್ಲ ಸರಿಹೋಗಿದೆ ಎಂದು ಅವನ ಲೆಕ್ಕ.

ಈಗ ಅವಳು ಸ್ವಂತ ಸಂಬಳದಲ್ಲಿ ಹೊಸ ಕಂಪ್ಯೂಟರ್ ಕೊಂಡಿದ್ದಾಳೆ, ಇಟ್ಟಿಗೆಯಷ್ಟು ದೊಡ್ಡ ಫ್ಯಾನಿನದ್ದು. ಶನಿವಾರ ಕಳಕ್ಕೂಟಂನ ಅವಳ ಕೋಣೆಯಲ್ಲಿ ಜೋಡಿಸುತ್ತಾರೆ. ಯಾರೋ ಇದನ್ನು ಜನಾರ್ದನನಿಗೆ ಹೇಳಿದ್ದಾರೆ. ಅವನು ರಜೆ ಹಾಕಿದ್ದಾನೆ, ಟಿಕೆಟು ತೆಗೆದಿದ್ದಾನೆ. ಚೀಲದಲ್ಲಿ ಆ ಪಂಪನ್ನು ತೊಳೆದು ಒಣಗಿಸಿ ಇಟ್ಟುಕೊಂಡಿದ್ದಾನೆ, ಜೊತೆಗೆ ಈ ಸಲ ಪೆಟ್ರೋಲ್ ಬಂಕಿನಿಂದ ತಂದ ಬ್ಯಾಟರಿ ನೀರು ಎರಡು ಬಾಟಲಿ.

ಸಾಕು, ಬರೆಯುವುದನ್ನು ಇಲ್ಲಿಗೆ ಬಿಡು. ನೀನು ಶನಿವಾರ ತಿರುವನಂತಪುರದಲ್ಲಿ ಇರ್ತೀಯಲ್ಲ ಮಗಾ, ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ಅವನನ್ನು ಇಳಿಸಿಕೋ. ಪದ್ಮನಾಭನ ದರ್ಶನ ಮಾಡಿಸು, ಆಮೇಲೆ ಮೃಗಾಲಯ ತೋರಿಸು, ಅವನಿಗೆ ಒಳ್ಳೆಯ ಊಟ ಹಾಕಿಸು, ಪಾಪ, ಹಸಿವು ತಡೆಯುದಿಲ್ಲ. ಸಾಯಂಕಾಲ, ಕಂಪ್ಯೂಟರು ಜೋಡಿಸಿ ಆಯಿತು ಎಂದು ಶ್ರಾವ್ಯ ಫೋನು ಮಾಡುವವರೆಗೆ ಕಳಕ್ಕೂಟಂ ಬಸ್ಸು ಹತ್ತಲು ಬಿಡಬೇಡ. ಚೀಲವನ್ನು ನೀನೇ ಹಿಡಿದುಕೋ.