ಪ್ರದರ್ಶನ ತಲುಪದ ಕುಂಬಳಕಾಯಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಹಿತ್ತಲು ಮುಗಿದಲ್ಲಿಂದಲೇ ಕಾಡು ಶುರುವಾಗುತ್ತಿತ್ತು. ಕಾಕನಕೋಟೆಯ ಕಾಡಂಚಿನ ಸಣ್ಣ ಊರು ನಮ್ಮದು. ಹಿತ್ತಲಿನ ಬೇಲಿ ಎಂದರೆ ಒಣಗಿದ ಮುಳ್ಳುಕಂಟಿ, ಅಷ್ಟೇ. ಅದರಾಚೆ ಬಿದಿರು, ತೇಗ, ಹಗಲಲ್ಲೂ ಕರಗದ ನೆರಳು. ನಾನು ಊರಿಗೆಲ್ಲ ಗೊತ್ತಿದ್ದ ಅಂಜುಬುರುಕಿ. ಗೂಬೆ ಕೂಗಿದರೆ ಅವ್ವನ ಸೆರಗು ಹಿಡಿಯುತ್ತಿದ್ದೆ. ಗಾಳಿಗೆ ಬಿದಿರು ಕಿರ್ರೆಂದರೆ ಕಂಬಳಿಯೊಳಗೆ ಸೇರಿಕೊಳ್ಳುತ್ತಿದ್ದೆ. ಅಪ್ಪ ಹಾಗಲ್ಲ. ರಾಗಿ ಹೊಲದ ಅಟ್ಟಣೆಯ ಮೇಲೆ ಒಬ್ಬನೇ ಕಾವಲು ಮಲಗಿ, ಬೆಳಗ್ಗೆ ಮೈಮುರಿಯುತ್ತಾ ನಗುತ್ತಾ ಬರುತ್ತಿದ್ದ. ಅಪ್ಪನಿಗೆ ಭಯ ಎನ್ನುವುದೇ ಇಲ್ಲ ಎಂದು ನಾನು ನಂಬಿದ್ದೆ.

ಆ ವರ್ಷ ನಮ್ಮ ತಿಪ್ಪೆಯ ಪಕ್ಕದಲ್ಲಿ ನಾನು ಹಾಕಿದ ಸಿಹಿಗುಂಬಳದ ಬಳ್ಳಿಯಲ್ಲಿ ಒಂದೇ ಒಂದು ಕಾಯಿ ನಿಂತಿತು. ಮಿಕ್ಕವೆಲ್ಲ ಪೀಚಿನಲ್ಲೇ ಉದುರಿದವು. ಬಳ್ಳಿಯ ಶಕ್ತಿಯೆಲ್ಲ ಆ ಒಂದಕ್ಕೇ ಹೋಯಿತೋ ಏನೋ, ಅದು ಬೆಳೆಯಿತು, ಬೆಳೆಯಿತು, ಬೆಳೆಯುತ್ತಲೇ ಹೋಯಿತು. ನಾನು ಅದರ ಕೆಳಗೆ ಹುಲ್ಲು ಹಾಸಿದೆ. ಮಾಗಿಯ ಚಳಿ ಬಂದಾಗ ಗೋಣಿಚೀಲ ಹೊದಿಸಿದೆ. ಶಾಲೆಯಿಂದ ಬಂದವಳೇ ಅದನ್ನು ಮುಟ್ಟಿ ನೋಡುತ್ತಿದ್ದೆ. ಬಿಸಿಲಿಗೆ ಕಾದ ಅದರ ಸಿಪ್ಪೆ ಬೆಚ್ಚಗೆ, ಮಲಗಿದ ಕರುವಿನ ಹೊಟ್ಟೆಯಂತಿತ್ತು.

ಸಂಕ್ರಾಂತಿ ಕಳೆದ ಮೇಲೆ ಹ್ಯಾಂಡ್‌ಪೋಸ್ಟ್ ಎನ್ನುವ ಊರಿನ ಹತ್ತಿರದ ಬಯಲಿನಲ್ಲಿ ರೈತರ ಪ್ರದರ್ಶನ ನಡೆಯುತ್ತದೆ ಎಂಬ ಸುದ್ದಿ ಬಂತು. ಯಾರು ಬೇಕಾದರೂ ಮನೆಯಲ್ಲಿ ಬೆಳೆದದ್ದು, ಮನೆಯಲ್ಲಿ ಮಾಡಿದ್ದು ತಂದು ಇಡಬಹುದಂತೆ. ಒಳ್ಳೆಯದಕ್ಕೆ ಬಹುಮಾನವಂತೆ. ಅಕ್ಕ ತನ್ನ ಕಳಲೆ ಉಪ್ಪಿನಕಾಯಿ ಇಡುತ್ತೇನೆ ಎಂದಳು. ಎಳೆ ಬಿದಿರ ಮೊಳಕೆಯನ್ನು ಹೆಚ್ಚಿ, ನೀರಿನಲ್ಲಿ ನೆನೆಸಿ, ಖಾರ ಹಾಕಿ ಅವಳು ಮಾಡುತ್ತಿದ್ದ ಆ ಉಪ್ಪಿನಕಾಯಿಯ ಜಾಡಿ ತೆರೆದರೆ ಪಕ್ಕದ ಮನೆಯವರೂ ತಟ್ಟೆ ಹಿಡಿದು ಬರುತ್ತಿದ್ದರು. ಅಪ್ಪ ಮರದಲ್ಲೇ ಹಣ್ಣಾದ ಒಂದು ಬಾಳೆಗೊನೆ ಆರಿಸಿದ. ಕುಂಬಳಕಾಯಿಯನ್ನು ಹೊತ್ತು ತಂದು ಗಾಡಿಗೆ ಹಾಕುವಾಗ ಅಪ್ಪನೇ ಏದುಸಿರು ಬಿಟ್ಟ.

"ಇದ್ಕೆ ಬೌಮಾನ ಬರ್ದಿದ್ರೆ ಇನ್ಯಾವುದ್ಕೆ ಬತ್ತದೆ ಬುಡು" ಎಂದ.

ನನಗೆ ಹಿಗ್ಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರದರ್ಶನಕ್ಕೆ ಹೋಗಬೇಕಾದರೆ ಅಂತರಸಂತೆಯ ತನಕ ಕಾಡಿನ ದಾರಿ. ಅದನ್ನು ನೆನೆದೇ ನಾನು ಅವ್ವನ ಸೆರಗು ಹಿಡಿದಿದ್ದೆ.

ಕೋಳಿ ಕೂಗಿದ ಮೇಲೆ ಹೊರಟೆವು. ಅವ್ವ ಕೈಗೂಸಿನ ತಮ್ಮನನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಳು. ಅಪ್ಪ ಮುಂದೆ ಕೂತು ಎತ್ತು ಹೊಡೆಯುತ್ತಿದ್ದ, ಅಕ್ಕ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನ ಬೆನ್ನಿಗೇ ಕೂತಿದ್ದಳು. ನಾನು ಗಾಡಿಗೆ ಚಾಪೆ ಹೊದಿಸಿ ಕಟ್ಟಿದ ಬಿದಿರ ಕಮಾನಿನ ಒಳಗೆ, ಕಂಬಳಿ ಹೊದ್ದು, ಹುಲ್ಲಿನ ಮೇಲೆ, ಕುಂಬಳಕಾಯಿಯನ್ನು ತಬ್ಬಿಕೊಂಡು, ಬಾಳೆಗೊನೆಯ ಪಕ್ಕದಲ್ಲಿ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎತ್ತುಗಳ ಕೋಡು ಕಾಣುತ್ತಿತ್ತು, ಅದರ ಮುಂದಿನ ದಾರಿ ಕಾಣುತ್ತಿರಲಿಲ್ಲ. ಗೊನೆಯ ಹಣ್ಣಿನ ವಾಸನೆ ಗಾಡಿಯೆಲ್ಲ ತುಂಬಿತ್ತು. ಗಾಡಿಯ ಕೀಲು ಕಿರುಗುಟ್ಟುವುದು ಬಿಟ್ಟರೆ ಬೇರೆ ಸದ್ದಿಲ್ಲ.

ಸ್ವಲ್ಪ ಸ್ವಲ್ಪವೇ ಬೆಳಕಾಯಿತು. ಹಕ್ಕಿಗಳು ಶುರು ಮಾಡಿದವು. ನನಗೆ ತುಸು ಧೈರ್ಯ ಬಂದು ಕಣ್ಣು ಮುಚ್ಚುವಷ್ಟರಲ್ಲಿ ಗಾಡಿ ನಿಂತಿತು. ಅಪ್ಪ ನಿಲ್ಲಿಸಿದ್ದಲ್ಲ. ಎತ್ತುಗಳೇ ನಿಂತಿದ್ದವು. ಕಿವಿ ನೆಟ್ಟಗೆ ಮಾಡಿಕೊಂಡು ಬುಸುಗುಡುತ್ತಿದ್ದವು. ಹಕ್ಕಿಗಳ ಸದ್ದು ಯಾವಾಗ ನಿಂತಿತೋ ಗೊತ್ತಿಲ್ಲ. ಆಮೇಲೆ ಒಂದು ವಾಸನೆ ಬಂತು. ಕೊಟ್ಟಿಗೆಯ ವಾಸನೆಯಂತೆಯೇ, ಆದರೆ ಅದಕ್ಕಿಂತ ಗಾಢವಾದದ್ದು. ಜಗಿದ ಸೊಪ್ಪು, ಕೆಸರು ಎರಡೂ ಬೆರೆತಂಥದ್ದು. ಎಡಗಡೆ ಬಿದಿರು ಪಟಪಟ ಮುರಿಯಿತು.

ನಮ್ಮ ಮನೆಯವರು ಕಾಡಿನ ಒಳಗೆ ಆನೆಯನ್ನು ಹೆಸರು ಹಿಡಿದು ಹೇಳುತ್ತಿರಲಿಲ್ಲ. ಅಪ್ಪ ತಗ್ಗಿದ ದನಿಯಲ್ಲಿ "ದೊಡ್ಡದು" ಎಂದಷ್ಟೇ ಹೇಳಿದ. ಅಷ್ಟು ಸಾಕಾಗಿತ್ತು.

ಅಪ್ಪ ಕೆಳಗಿಳಿದು ಎತ್ತುಗಳ ಕೊರಳ ಹಗ್ಗ ಬಿಚ್ಚಿದ. ಕಟ್ಟಿಕೊಂಡಿದ್ದರೆ ಬೆದರಿದ ಎತ್ತುಗಳು ಗಾಡಿಯನ್ನೇ ಹಳ್ಳಕ್ಕೆ ಎಳೆದುಬಿಡುತ್ತಿದ್ದವು. ಹಗ್ಗ ಸಡಿಲವಾಗಿದ್ದೇ ತಡ, ಎರಡೂ ನೊಗದಿಂದ ಕೊಸರಿಕೊಂಡು ಮಂಜಿನೊಳಗೆ ಓಡಿದವು. ಗಾಡಿಯ ಮೂತಿ ದಡಾರನೆ ನೆಲಕ್ಕೆ ಬಿತ್ತು. ಅಕ್ಕ ಜಾಡಿಯ ಸಮೇತ ಮುಂದಕ್ಕೆ ಉರುಳಿದಳು. ಅಪ್ಪ ಅವಳನ್ನು ಹಿಡಿದು ರಸ್ತೆ ಪಕ್ಕದ ದೊಡ್ಡ ಮರದ ಹಿಂದಕ್ಕೆ ದಬ್ಬಿದ. ನಾನೂ ಜಾರಿದೆ. ಆದರೆ ಕುಂಬಳಕಾಯಿ ನನಗಿಂತ ಜೋರಾಗಿ ಜಾರಿ ಬಂದು ನನ್ನ ಎರಡು ಕಾಲುಗಳ ಮೇಲೆ ಕೂತುಬಿಟ್ಟಿತು. ನಾನು ಅಷ್ಟು ಜೋಪಾನ ಮಾಡಿ ಬೆಳೆಸಿದ ಕಾಯಿಯನ್ನು ನನ್ನಿಂದಲೇ ಅಲ್ಲಾಡಿಸಲು ಆಗಲಿಲ್ಲ.

ಅಪ್ಪ ನನ್ನತ್ತ ಹೆಜ್ಜೆ ಇಟ್ಟ. ಅಷ್ಟರಲ್ಲಿ ಬಿದಿರ ಮೆಳೆಯಿಂದ ಒಂದು ಮರಿ ರಸ್ತೆಗೆ ಬಂತು. ಮೈತುಂಬ ಕೆಂಚು ಕೂದಲು, ನಮ್ಮ ಕರುವಿಗಿಂತ ತುಸು ಎತ್ತರ. ಅದರ ಹಿಂದೆಯೇ ತಾಯಿ. ಮಂಜಿನಲ್ಲಿ ಮೊದಲು ಕಾಲು ಕಂಡವು, ಆಮೇಲೆ ಎಷ್ಟು ಹೊತ್ತಾದರೂ ಮುಗಿಯದ ಮೈ. ಅದು ಅಪ್ಪನನ್ನು ನೋಡಿ ಎರಡೂ ಕಿವಿ ಅಗಲಿಸಿ ನಿಂತಿತು. ಅಪ್ಪ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡ. ಮುಂದೆ ಬಂದರೆ ತಾಯಾನೆ ನುಗ್ಗುತ್ತದೆ, ಅದು ನುಗ್ಗುವ ದಾರಿಯಲ್ಲೇ ಗಾಡಿ ಇದೆ, ಗಾಡಿಯಲ್ಲಿ ನಾನಿದ್ದೇನೆ.

"ಮಗ, ಅಳ್ಳಾಡ್ಬ್ಯಾಡ" ಎಂದ ಅಪ್ಪ, ಮರದ ಹಿಂದಿನಿಂದ, ಉಸಿರಿನಲ್ಲೇ. "ಕೂಗ್ಬ್ಯಾಡ. ಅದ್ಕೇನು ಬೇಕೋ ತಗಂಡು ಓಯ್ತದೆ."

ಮರಿಗೆ ಬಾಳೆಹಣ್ಣಿನ ವಾಸನೆ ಬಂದಿತ್ತು. ಅದು ನೇರವಾಗಿ ಗಾಡಿಯ ಹತ್ತಿರಕ್ಕೆ ಬಂದು ಸೊಂಡಿಲನ್ನು ಒಳಗೆ ಹಾಕಿತು. ಹುಲ್ಲನ್ನು ತಡವಿತು. ಗೋಣಿಯನ್ನು ತಡವಿತು. ಕಂಬಳಿಯನ್ನು ತಡವುತ್ತಾ ಬಂದು ನನ್ನ ಮೊಣಕಾಲಿಗೆ ತಾಕಿತು. ಸೊಂಡಿಲಿನ ತುದಿ ಒದ್ದೆಯಾಗಿ, ತಣ್ಣಗಿತ್ತು. ಬುಸ್ ಎಂದು ಬಿಸಿ ಗಾಳಿ ಬಿಟ್ಟಿತು. ಇನ್ನೇನು ಕಿರುಚಿಬಿಡುತ್ತಿದ್ದೆ. ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದೆ. ಲಂಗ ಒದ್ದೆಯಾಯಿತು. ನಗಬೇಡಿ ಮಕ್ಕಳೇ, ನೀವಿದ್ದರೂ ಅದೇ ಆಗುತ್ತಿತ್ತು.

ಮರಿ ಗೊನೆಯನ್ನು ಹುಡುಕಿ ಎಳೆಯಿತು. ಗೊನೆ ಕಮಾನಿಗೆ ಸಿಕ್ಕಿಕೊಂಡು ಬರಲಿಲ್ಲ. ಮರಿ ಸಿಟ್ಟಿನಿಂದ ಕೀಂ ಎಂದಿತು. ಆ ಸದ್ದಿಗೆ ತಾಯಿ ಓಡಿ ಬಂತು. ಗಾಡಿ ಅಲುಗಿತು. ನನ್ನ ತಲೆಯ ಮೇಲಿನ ಚಾಪೆ, ಬಿದಿರ ಕಮಾನು ಎಲ್ಲ ಮುರಿದು ಪಕ್ಕಕ್ಕೆ ಹೋಗಿ, ಒಮ್ಮೆಲೇ ಬೆಳಕು ಬಿತ್ತು. ನಾನು ಮೇಲೆ ನೋಡಬಾರದು ಎಂದುಕೊಂಡರೂ ನೋಡಿದೆ. ಒಂದು ಕಣ್ಣು. ಅಷ್ಟು ದೊಡ್ಡ ಮೈಗೆ ಅಷ್ಟು ಸಣ್ಣ ಕಣ್ಣು, ಉದ್ದನೆಯ ರೆಪ್ಪೆ. ಅದು ನನ್ನನ್ನೇ ನೋಡುತ್ತಿತ್ತು. ನಾನು ಸತ್ತೆ ಎಂದು ಖಂಡಿತವಾಗಿ ಅಂದುಕೊಂಡೆ. ಅವ್ವನ ಮುಖ ನೆನಪಿಗೆ ಬಂತು.

ದೊಡ್ಡ ಸೊಂಡಿಲು ಇಳಿದು ಬಂದು ಕುಂಬಳಕಾಯಿಯನ್ನು ಸುತ್ತಿತು. ಅಪ್ಪ ಏದುಸಿರು ಬಿಟ್ಟು ಹೊತ್ತ ಕಾಯಿ ಚೆಂಡಿನಂತೆ ಮೇಲೆದ್ದಿತು. ನನ್ನ ಕಾಲು ಬಿಡುಗಡೆಯಾದವು. ಆದರೂ ನಾನು ಮಿಸುಕಲಿಲ್ಲ, ಮಿಸುಕಲು ಆಗಲೂ ಇಲ್ಲ. ತಾಯಿ ಕಾಯಿಯನ್ನು ರಸ್ತೆಗೆ ಹಾಕಿ ಕಾಲಿನಿಂದ ಮೆಲ್ಲಗೆ ಒತ್ತಿತು. ಮಣ್ಣಿನ ಗಡಿಗೆ ಒಡೆದ ಹಾಗೆ ಸದ್ದಾಯಿತು. ಕೇಸರಿ ಬಣ್ಣದ ತಿರುಳನ್ನು ಮರಿಯ ಕಡೆಗೆ ಸರಿಸಿ, ತಾನೂ ತಿಂದಿತು. ಆಮೇಲೆ ಗೊನೆಯನ್ನು ಕಿತ್ತುಕೊಂಡು, ಮರಿಯನ್ನು ಸೊಂಡಿಲಿನಿಂದ ಮುಂದಕ್ಕೆ ನೂಕಿಕೊಂಡು, ಬಲಗಡೆಯ ಬಿದಿರಿನೊಳಗೆ ಇಳಿದು ಹೋಯಿತು. ಬಿದಿರು ಮುರಿಯುವ ಸದ್ದು ದೂರ ದೂರವಾಯಿತು.

ಅಪ್ಪ ಓಡಿ ಬಂದು ನನ್ನನ್ನು ಎತ್ತಿಕೊಂಡ. ಅಕ್ಕ ತನ್ನ ಸೀರೆಯ ಸೆರಗನ್ನು ನನಗೆ ಸುತ್ತಿ, ನನ್ನ ಬಾಯಿಯಿಂದ ಕಂಬಳಿಯನ್ನು ಬಿಡಿಸಿದಳು. ಹಲ್ಲು ಬಿಡಿಸುವುದೇ ಕಷ್ಟವಾಯಿತು. ಜಾಡಿ ಮರದ ಬುಡದಲ್ಲಿ ಒಂದು ಬಿರುಕೂ ಇಲ್ಲದೆ ಕೂತಿತ್ತು.

"ವಾಪಸ್ ಓಗವಾ?" ಎಂದು ಅಕ್ಕ ಕೇಳಿದಳು.

"ಇಂದ್ಕೆ ಎಲ್ಲಾ ಕಾಡೇಯ. ಮುಂದ್ಕೆ ಓದ್ರೆ ಊರು ಅತ್ರ" ಎಂದ ಅಪ್ಪ.

ನಡೆದು ಹೋದೆವು. ಕಾಡು ಮುಗಿದ ಕಡೆ, ಯಾರದೋ ಹುರುಳಿ ಹೊಲದಲ್ಲಿ ಎತ್ತುಗಳು ಮೇಯುತ್ತಾ ನಿಂತಿದ್ದವು. ಅಪ್ಪ ಅಂತರಸಂತೆಯ ನಾಲ್ಕು ಜನರನ್ನು ಕರೆದುಕೊಂಡು ಹೋಗಿ, ಮುರಿದ ಕಮಾನು ಕಿತ್ತುಹಾಕಿ ಗಾಡಿ ತಂದ. ಅಲ್ಲಿನ ನಮ್ಮ ನೆಂಟರ ಮನೆಯ ಅಜ್ಜಿ ನನಗೆ ತನ್ನ ಮೊಮ್ಮಗಳ ಲಂಗ ಉಡಿಸಿ, ಬಿಸಿ ಹಾಲು ಕುಡಿಸಿದಳು. ನಾನು ಒಂದು ಮಾತೂ ಆಡಲಿಲ್ಲ. ಆಡಬೇಕೆಂದರೂ ದನಿ ಬರುತ್ತಿರಲಿಲ್ಲ.

ಬಯಲು ತಲುಪಿದಾಗ ಬಿಸಿಲೇರಿತ್ತು. ಶಾಮಿಯಾನದ ಕೆಳಗೆ ಸಾಲು ಮೇಜುಗಳು. ಆಳುದ್ದದ ಕಬ್ಬು, ರಾಗಿ ತೆನೆ, ಸುವರ್ಣಗೆಡ್ಡೆ, ಹಳದಿ ತುಪ್ಪದ ಚೊಂಬು, ಹೆಣೆದ ಕುಕ್ಕೆ, ಸಂಡಿಗೆ. ಬೇರೆ ದಿನವಾಗಿದ್ದರೆ ನಾನು ಒಂದೊಂದನ್ನೂ ನಿಂತು ನೋಡುತ್ತಿದ್ದೆ. ಆ ದಿನ ಅಕ್ಕನ ಬೆನ್ನಿಗೆ ಅಂಟಿಕೊಂಡಿದ್ದೆ. ಮೈಕು ಕೀಂ ಎಂದಾಗಲೆಲ್ಲ ಬೆಚ್ಚಿ ಬೀಳುತ್ತಿದ್ದೆ. ಕುಂಬಳಕಾಯಿಯ ಬಹುಮಾನ ಕಂಪಲಾಪುರದ ಕಡೆಯಿಂದ ಬಂದವರ ಕಾಯಿಗೆ ಸಿಕ್ಕಿತು. ನನ್ನದರ ಅರ್ಧವೂ ಇರಲಿಲ್ಲ ಅದು. ನನಗೆ ಬೇಸರವೂ ಆಗಲಿಲ್ಲ.

ಉಪ್ಪಿನಕಾಯಿಗಳನ್ನು ರುಚಿ ನೋಡುತ್ತಿದ್ದ ಹೆಂಗಸೊಬ್ಬರು ಅಕ್ಕನ ಜಾಡಿಯ ಹತ್ತಿರ ಎರಡನೇ ಸಲ ಬಂದರು. ಸಂಜೆ ಮೈಕಿನಲ್ಲಿ ಅಕ್ಕನ ಹೆಸರು ಕರೆದರು. ಮೊದಲ ಬಹುಮಾನ. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಅಕ್ಕ, ನನಗೆ ಸೆರಗು ಸುತ್ತಿ ನಡೆಸಿಕೊಂಡು ಬಂದ ಅಕ್ಕ, ವೇದಿಕೆಯ ಮೇಲೆ ಹಿತ್ತಾಳೆ ತಟ್ಟೆಯನ್ನು ಕೈಗೆ ಕೊಟ್ಟ ಕೂಡಲೇ ಬಿಕ್ಕಿ ಬಿಕ್ಕಿ ಅತ್ತಳು. ಜನ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಅವಳ ಅಳು ಯಾತರದೆಂದು ಆ ಬಯಲಿನಲ್ಲಿ ಗೊತ್ತಿದ್ದವರು ಅಪ್ಪ ಮತ್ತು ನಾನು ಮಾತ್ರ.

ಆ ರಾತ್ರಿ ಅಂತರಸಂತೆಯ ಅದೇ ನೆಂಟರ ಮನೆಯಲ್ಲಿ ಉಳಿದೆವು. ಮಾರನೆಯ ದಿನ, ಚೆನ್ನಾಗಿ ಬಿಸಿಲು ಬಂದ ಮೇಲೆ, ನಮ್ಮ ಊರ ಕಡೆಯ ಇನ್ನೂ ಮೂರು ಗಾಡಿಗಳ ಜೊತೆ ಹೊರಟೆವು. ಮುಂದಿನ ಗಾಡಿಯವರು ತಗಡಿನ ಡಬ್ಬ ಬಡಿಯುತ್ತಿದ್ದರು. ಆ ಜಾಗ ಹತ್ತಿರ ಬರುತ್ತಿದ್ದಂತೆ ನಾನು ಅಪ್ಪನ ಪಕ್ಕಕ್ಕೆ ಸರಿದು ಕೂತೆ. ಅಪ್ಪ ಹಗ್ಗವನ್ನು ಒಂದು ಕೈಗೆ ತೆಗೆದುಕೊಂಡು ಇನ್ನೊಂದು ಕೈಯಿಂದ ನನ್ನ ಕೈ ಹಿಡಿದ. ಆಗ ನನಗೆ ಗೊತ್ತಾಯಿತು, ಅಪ್ಪನ ಅಂಗೈ ಬೆವೆತಿತ್ತು.

ಹಿಂದಿನ ಬೆಳಗಿನಿಂದ ಹೂತುಹೋಗಿದ್ದ ನನ್ನ ದನಿ ಹೊರಗೆ ಬಂತು. "ಅಪ್ಪ, ನಿಂಗೂ ಎದ್ರಿಕೆ ಆಯ್ತದಾ?"

ಅಪ್ಪ ರಸ್ತೆಯನ್ನೇ ನೋಡುತ್ತಿದ್ದ. "ಆಯ್ತದೆ ಕಣವ್ವ. ಅಟ್ಟಣೆ ಮ್ಯಾಲೆ ದಿನಾ ಆಯ್ತದೆ. ಆದ್ರೆ ನೆನ್ನೆ ನೀನು ಗಾಡೀಲಿ, ನಾನು ಮರದ್ ಇಂದೆ. ಅಂಥ ಎದ್ರಿಕೆ ನಾನು ಉಟ್ಟಿದಾಗಿಂದ ಕಂಡಿರ್ನಿಲ್ಲ." ಆಮೇಲೆ ಹೇಳಿದ, "ಅದ್ಕೂ ಆಗಿತ್ತು ಕಣ. ಅದರ್ ಮರೀನೂ ಗಾಡಿ ತಾವ ಬಂದಿತ್ತಲ್ವಾ."

ರಸ್ತೆಯಲ್ಲಿ ಕುಂಬಳಕಾಯಿಯ ಒಂದಷ್ಟು ಸಿಪ್ಪೆ ಬಿದ್ದಿತ್ತು, ಇರುವೆ ಮುತ್ತಿತ್ತು. ನಾನು ಕಣ್ಣು ಮುಚ್ಚಿಕೊಳ್ಳದೆ ನೋಡಿದೆ. ಭಯ ಹೋಗಿರಲಿಲ್ಲ. ಆದರೆ ಅಪ್ಪನ ಜೊತೆ ಹಂಚಿಕೊಂಡು ಹೆದರುವುದು, ಒಬ್ಬಳೇ ಹೆದರಿದಷ್ಟು ಕಷ್ಟವಾಗಿರಲಿಲ್ಲ.

ಈಗ ಆ ದಾರಿಗೆ ಡಾಂಬರು ಬಂದಿದೆ. ಸಂಜೆಯಾದರೆ ಅರಣ್ಯದವರು ಗೇಟು ಹಾಕುತ್ತಾರೆ. ಆನೆ ಎಲ್ಲಿದೆ ಎಂದು ನಿಮ್ಮಪ್ಪನ ಮೊಬೈಲಿಗೆ ಊರವರ ಮೆಸೇಜು ಬರುತ್ತದೆ. ನೀವು ಮೈಸೂರಿನ ಮನೆಯ ಟೆರೇಸಿನ ಮೇಲೆ ಚೀಲದಲ್ಲಿ ಬೆಳೆದ ಟೊಮೆಟೊವನ್ನು ಸ್ಕೂಲಿನ ಸಂತೆಗೆ ವ್ಯಾನಿನಲ್ಲಿ ಒಯ್ಯುತ್ತೀರಿ, ಅದರ ಫೋಟೋ ನನಗೆ ಕಳಿಸುತ್ತೀರಿ. ಚೆಂದದ ಟೊಮೆಟೊ. ದಾರಿಯಲ್ಲಿ ಅದನ್ನು ಕೇಳುವವರು ಯಾರೂ ಇಲ್ಲ. ನಾವು ಆನೆ ಎದುರಾಗದಿರಲಿ ಎಂದು ಕೈಮುಗಿದು ಮನೆ ಬಿಡುತ್ತಿದ್ದೆವು. ನೀವು ಆನೆ ಕಾಣಲಿ ಎಂದು ಟಿಕೆಟ್ ತೆಗೆದುಕೊಂಡು ಜೀಪು ಹತ್ತುತ್ತೀರಿ.

ಮೊನ್ನೆ ರಜೆಯಲ್ಲಿ ಊರಿಗೆ ಬಂದು ಸಫಾರಿಗೆ ಹೋದವರು "ಒಂದೂ ಆನೆ ಕಾಣಿಸ್ಲಿಲ್ಲ ಅಜ್ಜಿ" ಎಂದು ಮುಖ ಊದಿಸಿಕೊಂಡು ಬಂದಿರಿ. "ಅಯ್ಯೋ, ಹೌದಾ" ಎಂದು ನಾನೂ ಬೇಸರ ಮಾಡಿಕೊಂಡವಳ ಹಾಗೆ ನಿಮಗೆ ರೊಟ್ಟಿ ಬಡಿಸಿದೆ. ನೀವು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ತನಕ ಕಾಡಿನ ದಾರಿ ನೋಡುತ್ತಾ ಕೂತ ನಾನು ಜಗಲಿಯಿಂದ ಎದ್ದಿರಲಿಲ್ಲ, ಆ ರೊಟ್ಟಿಗೆ ಹಿಟ್ಟು ಕೂಡ ಕಲಸಿರಲಿಲ್ಲ.