ಎರಡು ಮಿಕ್ಸರ್‌ಗಳ ನಡುವೆ ಒಂದು ತೆಳ್ಳನೆಯ ಕೇಬಲ್

ಟಕ್.

ಸ್ವಲ್ಪ ಬಿಟ್ಟು ಮತ್ತೆ, ಟಕ್. ಕಾದ ಎಣ್ಣೆಗೆ ನೀರಿನ ಹನಿ ಬಿದ್ದಂಥ ಸದ್ದು. ಕಳೆದ ಭಾನುವಾರ ಹೊಸಪೇಟೆ ಹತ್ತಿರದ ಟಿ.ಬಿ. ಡ್ಯಾಂನ ಸಭಾಭವನವೊಂದರಲ್ಲಿ ಅದು ಎಲ್ಲರಿಗೂ ಕೇಳಿಸಿತು. ಹಾರ್ಮೋನಿಯಂನವರು ಕಿವಿ ಮುಚ್ಚಿಕೊಂಡರು. ವೇದಿಕೆಗೆ ಚೆಂಡುಹೂವಿನ ಸರ ಕಟ್ಟುತ್ತಿದ್ದ ಹೆಂಗಸು ತಲೆ ಎತ್ತಿದಳು. ಒಬ್ಬರಿಗೆ ಮಾತ್ರ ಕೇಳಿಸಲಿಲ್ಲ. ಅವರೇ ಸೌಂಡ್ ಸಿಸ್ಟಮ್‌ನವರು!

ನಗು ಬಂತಲ್ಲವೇ? ನನಗೂ ಬಂದಿತ್ತು. ಆಮೇಲೆ ನಿಂತುಹೋಯಿತು. ವಾರ ಕಳೆದರೂ ಆ ಮಧ್ಯಾಹ್ನ ಕಣ್ಣ ಮುಂದಿನಿಂದ ಸರಿದಿಲ್ಲ. ಅದಕ್ಕೇ ಈ ಸಲದ ಅಂಕಣದಲ್ಲಿ ಅವಸರವಿಲ್ಲದೆ, ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಅಂದು ಅಲ್ಲಿ ಬಯಲಾಟದ ಹಾಡುಗಳ ಕಾರ್ಯಕ್ರಮ. ಸಂಡೂರು, ಕಂಪ್ಲಿ ಕಡೆಯ ಮೇಳದವರೆಲ್ಲ ಬಂದಿದ್ದರು. ನಾನು ನಿರೂಪಕಿ. (ನಿಮಗೆ ಗೊತ್ತಲ್ಲ, ಮೈಕ್ ಕೊಟ್ಟರೆ ನಾನು ಇಲ್ಲ ಎನ್ನುವವಳಲ್ಲ.) ಹೋದ ವರ್ಷ ಹಾಡುವವರಿಗೆ ತಮ್ಮ ದನಿ ತಮಗೇ ಕೇಳಿಸದೆ ಜಗಳವಾಗಿತ್ತು. ಅದಕ್ಕೆ ಈ ಸಲ ಸಮಿತಿಯವರು ಎರಡು ಡಿಜಿಟಲ್ ಮಿಕ್ಸರ್ ತರಿಸಿದ್ದರು. ಒಂದು ಸಭಿಕರ ನಡುವೆ. ನಮಗೆ ಕೇಳುವ ಧ್ವನಿ ಅದರ ಕೈಯಲ್ಲಿ. ಇನ್ನೊಂದು ವೇದಿಕೆಯ ಪಕ್ಕ. ಹಾಡುವವರಿಗೆ ಕೇಳುವ ಧ್ವನಿ ಅದರ ಕೈಯಲ್ಲಿ. ಎರಡರ ನಡುವೆ ಒಂದೇ ಒಂದು ತೆಳ್ಳನೆಯ ಕೇಬಲ್. ಇಂಟರ್ನೆಟ್ ವೈರಿನಂತೆಯೇ ಕಾಣುತ್ತದೆ. ಮದ್ದಲೆ, ಹಾರ್ಮೋನಿಯಂ, ತಾಳ, ಅಷ್ಟೂ ಜನರ ಹಾಡು, ಎಲ್ಲವೂ ಅದರೊಳಗೆ ಬೇರೆಬೇರೆಯಾಗಿ, ಒಂದಕ್ಕೊಂದು ತಾಗದೆ ಹೋಗುತ್ತವಂತೆ.

ಸಭಿಕರ ನಡುವಿನ ಮಿಕ್ಸರ್ ಹೊಸಪೇಟೆಯ ಹುಲುಗಪ್ಪನವರದು. ವೇದಿಕೆಯ ಪಕ್ಕದ್ದು ಕಂಪ್ಲಿಯ ನಾಗವೇಣಿಯದು. (ಇಬ್ಬರ ಹೆಸರನ್ನೂ ಬದಲಿಸಿದ್ದೇನೆ. ಬದಲಿಸಿದ ಮೇಲೂ ಗುರುತು ಹಿಡಿಯುವವರು ಹಿಡಿಯುತ್ತೀರಿ, ಸುಮ್ಮನಿರಿ.)

ಸಮಿತಿಗೆ ಗೊತ್ತಿರದ ಸಂಗತಿಯೊಂದು ನನಗೆ ಗೊತ್ತಿತ್ತು. ನಾಗವೇಣಿ ಈ ಕೆಲಸ ಕಲಿತದ್ದೇ ಹುಲುಗಪ್ಪನವರ ಹತ್ತಿರ. ಆಗೆಲ್ಲ ಎಮ್ಮೆಯ ಕಾಲಿನಷ್ಟು ದಪ್ಪ ಕೇಬಲ್. ಅದನ್ನು ಸುತ್ತಿ ಹೆಗಲ ಮೇಲೆ ಹೊರಬೇಕು. ಒಂದು ದಿನ, ಗಿರಾಕಿಗಳ ಎದುರಿಗೆ, ಆಕೆ ಅಂದಳು: "ಸರ್, ಇದನ್ನ ಹೊರೋದು ಸಾಕ್ರಿ. ಡಿಜಿಟಲ್ ತಗೊಳ್ರಿ." ಅವರಿಗೆ ಚುಚ್ಚಿತು. "ನನ್ನ ಹೆಗಲಿಗೆ ನೋವಾಗಿಲ್ಲ. ನಿನಗಾಗಿದ್ರ ದಾರಿ ಐತಿ, ನಡಿ" ಅಂದರು. ಆಕೆ ನಡೆದೇಬಿಟ್ಟಳು. ಕಂಪ್ಲಿಯಲ್ಲಿ ಸ್ವಂತ ಅಂಗಡಿ ಇಟ್ಟಳು. ಆಮೇಲೆ ಅವರೂ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕೊಂಡರು. ಆದರೆ ಮಾತು ಮಾತ್ರ ಮತ್ತೆ ಶುರುವಾಗಲಿಲ್ಲ.

ಈಗ ಎದುರಾಬದುರು. ನಡುವೆ ಕೇಬಲ್.

ಹೊಸಪೇಟೆಯಿಂದ ಬರುವಾಗ ದಾರಿಯಲ್ಲಿ ನಾಗವೇಣಿ ಸಿಕ್ಕಿದ್ದಳು. "ಮೇಡಂ, ಇವತ್ತು ಅವ್ರು ನನ್ನ ಕೂಡ ಒಂದ್ ಮಾತಾಡಿದ್ರ ಸಾಕು. ಬೈದ್ರೂ ಪರವಾಗಿಲ್ಲ" ಅಂದಿದ್ದಳು. ಹಾಗಾಗಿ ನಾನು ಮೊದಲಿನಿಂದಲೂ ಅವರಿಬ್ಬರನ್ನೇ ನೋಡುತ್ತಿದ್ದೆ.

ಮಾತು ನಡೆದದ್ದು ಹೀಗೆ. ಸಮಿತಿಯ ಕೊಟ್ರೇಶಿ ಹುಲುಗಪ್ಪನವರ ಬಳಿ ನಿಂತಿದ್ದ. "ಕೇಬಲ್ ಹಚ್ಚೀನಿ ಅಂತ ಆಕೀಗೆ ಹೇಳ್ರಿ" ಅಂದರು ಅವರು. ಕೊಟ್ರೇಶಿ ವೇದಿಕೆಗೆ ಓಡಿದ. "ನಾನೂ ಹಚ್ಚೀನಿ ಅಂತ ಸರ್‌ಗೆ ಹೇಳ್ರಿ" ಅಂದಳು ಆಕೆ. ಕೊಟ್ರೇಶಿ ವಾಪಸ್ ಓಡಿದ. ಎರಡು ಮಿಕ್ಸರ್‌ಗಳ ನಡುವೆ ಒಂದು ಕೇಬಲ್, ಇಬ್ಬರು ಮನುಷ್ಯರ ನಡುವೆ ಒಬ್ಬ ಕೊಟ್ರೇಶಿ!

"ನಾನೇನು ಪೋಸ್ಟ್‌ಮನ್ ಅದೀನೇನ್ರೀ?" ಎಂದು ಆತ ಬೆವರು ಒರೆಸಿಕೊಂಡ.

ಆಗಲೇ ಶುರುವಾಯಿತು, ಟಕ್.

ಯಾರಿಗೆ ಯಾವ ಊಹೆ ಇಲ್ಲ ಹೇಳಿ? ಕರೆಂಟಿನ ದೋಷ ಎಂದರು ಒಬ್ಬರು. ಮೊಬೈಲ್ ಟವರ್ ಎಂದರು ಇನ್ನೊಬ್ಬರು. ಡ್ಯಾಂ ಕಡೆಯಿಂದ ಬರುವ ಗಾಳಿ ಎಂದವರೂ ಇದ್ದರು. ಕೇಬಲ್ ಮೇಲೆ ಯಾರೋ ಕಬ್ಬಿಣದ ಕುರ್ಚಿ ಇಟ್ಟಿದ್ದರು, ಅದನ್ನು ಎತ್ತಿದರು. ಟಕ್. ಬೇರೆ ಕೇಬಲ್ ಹಾಕಿದರು. ಟಕ್.

"ಹಳೇ ದಪ್ಪ ವೈರ್ ಇದ್ದಾಗ ಹಿಂಗೆಲ್ಲಾ ಆಗ್ತಿದ್ದಿಲ್ಲ" ಎಂದ ಕೊಟ್ರೇಶಿ. ಮದ್ದಲೆಯ ಮುದುಕಪ್ಪ ಸುಮ್ಮನಿರುತ್ತಾನೆಯೇ? "ಹಳೇ ವೈರ್ ಹೊರೂಮುಂದ ನೀ ಎಲ್ಲಿದ್ದಿಲೇ? ಬಜ್ಜಿ ತಿನ್ನಾಕ ಹೋಗಿದ್ದಿ."

ನಾಗವೇಣಿ ವೇದಿಕೆಯಿಂದ ಕೂಗಿ ಕೇಳಿದಳು. ಈ ಸಲ ಕೊಟ್ರೇಶಿಯ ಮೂಲಕ ಅಲ್ಲ, ನೇರವಾಗಿ. "ಸರ್, ಆ ಸಪ್ಪಳ ನಿಮ್ಮ ಕಡೆ ಹೆಂಗ ಕೇಳಾಕತ್ತೈತ್ರಿ?"

ಹುಲುಗಪ್ಪ ತಲೆ ಎತ್ತಿದರು. "ಚೊಲೊ ಬರಾಕತ್ತೈತಲ್ಲ! ನಿನ್ನ ಮಿಷಿನ್ನಿಗೆ ಏನೂ ಆಗಿಲ್ಲ."

ಆಡಿದರು, ಮಾತಾಡಿದರು. ಆದರೆ ಎಂಥ ಮಾತು! ಇಡೀ ಸಭಾಭವನ ಸದ್ದಿಗೆ ಮುಖ ಕಿವುಚುತ್ತಿರುವಾಗ 'ಚೊಲೊ ಬರಾಕತ್ತೈತಿ' ಎಂದರೆ? ನಾಗವೇಣಿಯ ಮುಖ ಸಣ್ಣದಾಯಿತು. "ಬೇಕಂತ ಆಟ ಆಡಸ್ತಾರ ನೋಡ್ರಿ ಈ ಯಜಮಾನ್ರು. ಆ ಹುಡುಗಿ ಮರ್ಯಾದಿ ಕಳೀಬೇಕಂತ" ಎಂದು ಕೊಟ್ರೇಶಿ ನನ್ನ ಕಿವಿಯಲ್ಲಿ ಅಂದ. ನಾನೂ ಹಾಗೆಯೇ ತಿಳಿದೆ. ನಕ್ಕದ್ದು ಆಗಲೇ.

ನಾನು ಹುಲುಗಪ್ಪನವರಿಂದ ಒಂದು ಮಾರು ದೂರದಲ್ಲಿದ್ದೆ. ನನ್ನ ಕೆಲಸ ಇನ್ನೂ ಶುರುವಾಗಿರಲಿಲ್ಲ, ನೋಡುವುದೇ ಕೆಲಸ. ನೋಡಿದೆ. ಟಕ್ ಎಂದಾಗ ಅವರು ಸ್ಪೀಕರ್ ಕಡೆ ತಿರುಗುತ್ತಿರಲಿಲ್ಲ. ಸ್ವಲ್ಪ ತಡವಾಗಿ ಹಾರ್ಮೋನಿಯಂನವರ ಮುಖ ನೋಡುತ್ತಿದ್ದರು. ಆಮೇಲೆ ಹೂ ಕಟ್ಟುವ ಹೆಂಗಸಿನ ಮುಖ. ಆಮೇಲೆ ನನ್ನ ಮುಖ. ನಮ್ಮ ಮುಖಗಳಲ್ಲಿ ಏನೋ ಕಂಡು, ತಟ್ಟನೆ ತಲೆ ತಗ್ಗಿಸಿ, ಯಾವುದೋ ಗುಂಡಿಯ ಮೇಲೆ ಬೆರಳಿಡುತ್ತಿದ್ದರು.

ಅವರಿಗೆ ಆ ಸದ್ದು ಕೇಳಿಸುತ್ತಲೇ ಇರಲಿಲ್ಲ.

ನನ್ನ ನಗು ಅಲ್ಲಿಗೇ ನಿಂತಿತು. ಇಷ್ಟಕ್ಕೇ ಏಕೆ ಎನ್ನಬಹುದು ನೀವು. ಆದರೆ ಯೋಚಿಸಿ. ಬಡಗಿಯ ಕಣ್ಣು ಮಂಜಾದಂತೆ, ಅಡುಗೆಯವರ ನಾಲಿಗೆಗೆ ಉಪ್ಪು ತಿಳಿಯದಾದಂತೆ. ಈ ಮನುಷ್ಯ ಇಡೀ ಹೊಸಪೇಟೆಗೆ ಕಿವಿಯಾಗಿದ್ದವರು. ಮಾತು ಕೇಳಿಸುತ್ತದೆ, ಹಾಡು ಕೇಳಿಸುತ್ತದೆ, ಅದರ ಮೇಲಿನ ಸಣ್ಣ ಚೂಪು ಸದ್ದು ಮಾತ್ರ ಇಲ್ಲ. ಯಾರಿಗೆ ಹೇಳಿಕೊಂಡಾರು?

ಹೇಳಲೋ ಬೇಡವೋ ಎಂದು ನಾನು ನಿಂತಿರುವಾಗಲೇ ನಾಗವೇಣಿ ಕೆಳಗಿಳಿದು ಬಂದಳು. ಜಗಳಕ್ಕೇ ಬಂದಳು ಎಂದುಕೊಂಡೆ. ಅವರ ಪಕ್ಕದಲ್ಲಿ ನಿಂತಳು. ಟಕ್. ಅವರ ಮುಖ ನೋಡಿದಳು. ಮತ್ತೊಮ್ಮೆ ಟಕ್. ಅವರು ಕೊಟ್ರೇಶಿಯ ಮುಖ ನೋಡುತ್ತಿದ್ದರು. 

ಆಕೆ ಕೂಗಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅವರ ಮಗ್ಗುಲಲ್ಲಿ ಕೂತಳು. "ಸರ್, ನಿಮ್ಮ ಸ್ಕ್ರೀನ್ ಒಂದೀಟು ನೋಡ್ತೀನ್ರಿ."

ಅವರು ಪಕ್ಕಕ್ಕೆ ಸರಿದರು. ಆಕೆ ಎರಡು ಸಲ ಬೆರಳಾಡಿಸಿದಳು. ನೋಡಿದಳು. ಆಮೇಲೆ ನಕ್ಕುಬಿಟ್ಟಳು. ಅಳುವಿನ ಪಕ್ಕದ ಮನೆಯ ನಗು ಅದು.

"ಸರ್, ತಾಳ ಯಾರು ಹಾಕಾಕತ್ತಾರ?"

ಇಲ್ಲಿ ಒಂದು ವಿಷಯ ಹೇಳಬೇಕು. (ನನಗೂ ಆಮೇಲೆ ಆಕೆಯೇ ಹೇಳಿದ್ದು.) ಈ ಯಂತ್ರಗಳು ಧ್ವನಿಯನ್ನು ಚೂರುಚೂರು ಮಾಡಿ ಲೆಕ್ಕವಾಗಿ ಕಳಿಸುತ್ತವೆ. ಎರಡು ಯಂತ್ರ ಜೋಡಿಸಿದರೆ ಎರಡೂ ಒಂದೇ ತಾಳದಲ್ಲಿ ಎಣಿಸಬೇಕು. ಒಂದು ತಾಳ ಹಾಕಬೇಕು, ಇನ್ನೊಂದು ಅದನ್ನು ಕೇಳಿ ನಡೆಯಬೇಕು. ಯಾವುದು ಹಾಕುವುದು, ಯಾವುದು ಕೇಳುವುದು ಎಂದು ಮೊದಲೇ ಸ್ಕ್ರೀನಿನಲ್ಲಿ ಇಡಬೇಕು. ಎರಡೂ 'ನಾನೇ ಹಾಕುತ್ತೇನೆ' ಎಂದರೆ ಎಣಿಕೆ ತಪ್ಪಿ ಟಕ್ ಎನ್ನುತ್ತದೆ. ಅಹಂಕಾರದ ಆ ತಪ್ಪು ಎಲ್ಲ ಕಡೆ ಆಗುತ್ತದಂತೆ.

ನಮ್ಮ ಕಡೆ ಆದದ್ದು ಬೇರೆ. ಎರಡೂ ಯಂತ್ರ 'ನೀನು ಹಾಕು, ನಾನು ಕೇಳುತ್ತೇನೆ' ಎಂದು ಕೂತಿದ್ದವು!

"ನೀವು ಕಲಿಸಿದವ್ರು. ನಿಮ್ಮ ಮುಂದ ನಾ ಹೆಂಗ ತಾಳ ಹಾಕ್ಲಿ? ಅದಕ್ಕ ನಂದು ಹಿಂದ ಇಟ್ಟೆ" ಎಂದಳು ನಾಗವೇಣಿ.

ಹುಲುಗಪ್ಪ ಗಲ್ಲ ಕೆರೆದುಕೊಂಡರು. "ನಿಂದು ಹೊಸ ಮಿಷಿನ್. ನಿನಗ ನನಗಿಂತ ಚೊಲೊ ಗೊತ್ತೈತಿ. ಹುಡುಗಿ ಮುಂದ ಇರ್ಲಿ ಅಂತ ನಾ ನಂದು ಹಿಂದ ಇಟ್ಟೆ."

 ಸ್ಪೀಕರ್ ಮತ್ತೆ ಟಕ್ ಎಂದಿತು.

ಇಷ್ಟು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಗೌರವಿಸುತ್ತಲೇ ಇದ್ದರು. ಇಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೆ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೊಟ್ರೇಶಿಯ ಕೈಯಲ್ಲಿ ಇಂಥದ್ದನ್ನೆಲ್ಲ ಹೇಳಿಕಳಿಸಲು ಆಗುತ್ತದೆಯೇ?

"ಯಾರ ತಪ್ಪು ಅಂತ ಹೇಳ್ರಿ ಮೊದ್ಲು!" ಕೊಟ್ರೇಶಿ ಬಂದು ನಿಂತ.

"ನಂದು" ಎಂದಳು ನಾಗವೇಣಿ.

"ಅಲ್ಲ, ನಂದು" ಎಂದರು ಹುಲುಗಪ್ಪ.

"ಅಯ್ಯ, ಇದಕ್ಕೂ ಜಗಳ ಏನ್ರೀ?" ಎಂದು ಆತ ಚಹಾ ತರಲು ಹೋದ.

ಆತ ಹೋದ ಮೇಲೆ ಹುಲುಗಪ್ಪ ದನಿ ತಗ್ಗಿಸಿದರು. ನಾನಿದ್ದೇನೆಂದು ಅವರಿಗೆ ಗೊತ್ತಿತ್ತು. "ನಾಗೂ, ನಿಂದ ಮುಂದ ಇಡವ್ವಾ. ನನಗ ಸಣ್ಣ ಸಪ್ಪಳ ಕೇಳವಲ್ದು. ಹೋದ ಮಳಿಗಾಲದಿಂದ. ಮನ್ಯಾಗೂ ಹೇಳಿಲ್ಲ."

"ಈಗ ಗೊತ್ತಾತ್ರಿ" ಎಂದಳು ಆಕೆ. ಅಷ್ಟೇ. ಸಮಾಧಾನದ ಮಾತು ಒಂದೂ ಇಲ್ಲ. ವೇದಿಕೆಗೆ ಹೋಗಿ, ತಾಳ ಹಾಕುವಂತೆ ತನ್ನ ಯಂತ್ರವನ್ನು ಮುಂದಕ್ಕೆ ಇಟ್ಟಳು. ಟಕ್ ನಿಂತಿತು. ಆಮೇಲೆ ವಾಪಸ್ ಬಂದು ಅಂದಳು: "ಸರ್, ನೀವು ವೇದಿಕೆ ಕಡೆ ಹೋಗ್ರಿ. ನಾ ಇಲ್ಲಿ ಕುಂದರ್ತೀನಿ."

ಮೊದಲು ಅರ್ಥವಾಗಲಿಲ್ಲ. ಹಾಡು ಶುರುವಾದ ಮೇಲೆ ಅರ್ಥವಾಯಿತು. ಸಭಿಕರ ನಡುವೆ ಬೇಕಾದದ್ದು ಕಿವಿ, ಅಲ್ಲಿ ಆಕೆ. ವೇದಿಕೆಯ ಪಕ್ಕ ಹೆಚ್ಚು ಬೇಕಾದದ್ದು ಕಣ್ಣು, ಅಲ್ಲಿ ಅವರು. ಹಾಡುವವರು ಹಾಡುತ್ತಲೇ ಬೆರಳು ಮೇಲೆತ್ತುತ್ತಾರೆ, ಧ್ವನಿ ಹೆಚ್ಚಿಸು ಎಂದು. ಹುಬ್ಬು ಕೆಳಗಿಳಿಸುತ್ತಾರೆ, ಮದ್ದಲೆ ತಗ್ಗಿಸು ಎಂದು. ಆ ಮುಖಗಳನ್ನೆಲ್ಲ ಹುಲುಗಪ್ಪ ಬಲ್ಲರು. ಮುದುಕಪ್ಪ ಬೆರಳೆತ್ತುವ ಮೊದಲೇ ಇವರ ಕೈ ಗುಂಡಿಯ ಮೇಲಿರುತ್ತಿತ್ತು. ಮುಖ ಓದುವುದನ್ನು ಅವರು ಮಳೆಗಾಲದಿಂದ ಇನ್ನೂ ಚೆನ್ನಾಗಿ ಕಲಿತಿದ್ದರಲ್ಲ!

"ಈ ಸಲ ನನ್ನ ದನಿ ನನಗ ಕೇಳಿತ್ ನೋಡು. ಮಸ್ತ್!" ಎಂದು ಹಾಡುಗಾರ್ತಿಯೊಬ್ಬಳು ಇಳಿದು ಬರುತ್ತ ಅಂದಳು. ನಾನು ಅಷ್ಟು ನೆಮ್ಮದಿಯಿಂದ ನಿರೂಪಣೆ ಮಾಡಿದ ದಿನ ನೆನಪಿಲ್ಲ.

ಮುಗಿದ ಮೇಲೆ ಮಂಡಕ್ಕಿ, ಮಿರ್ಚಿ. ಇದನ್ನು ಅಂಕಣದಲ್ಲಿ ಬರೆಯಬಹುದೇ ಎಂದು ಹುಲುಗಪ್ಪನವರನ್ನು ಕೇಳಿದೆ. ಮಿರ್ಚಿಯ ತೊಟ್ಟು ತೆಗೆಯುತ್ತ ಅಂದರು: "ಬರೀರಿ ಮೇಡಂ, ಹೆಸರು ಬ್ಯಾಡ. ಮುಂದಿನ ವಾರ ಕಿವಿ ಡಾಕ್ಟರ್ ಕಡೆ ಹೊಂಟೀನಿ. ಇಕಿ ಬಿಡವಲ್ಲಳು."

ಇನ್ನೊಂದು ಚೂರು ಉಳಿದಿದೆ. ಸಭಾಭವನದ ಗೇಟು ಕಿರಿದು. ಒಳಗಿನಿಂದ ಅವರ ಗೂಡ್ಸ್ ಆಟೋ, ಆಕೆಯ ಗೂಡ್ಸ್ ಆಟೋ ಒಟ್ಟಿಗೇ ಬಂದು ನಿಂತವು.

"ನೀವು ನಡೀರಿ ಸರ್."

"ನೀ ನಡಿಯವ್ವಾ, ಕಂಪ್ಲಿ ದೂರ ಐತಿ."

"ಇಲ್ರಿ, ನೀವು ಮೊದ್ಲು."

ಹಿಂದೆ ಶಾಮಿಯಾನದ ಲಾರಿ ಹಾರ್ನ್ ಹೊಡೆಯಿತು. ಕೊಟ್ರೇಶಿ ಎರಡೂ ಕೈ ಜೋಡಿಸಿದ: "ಯಾರಾದ್ರೂ ಒಬ್ರು ಜಲ್ದಿ ಹೋಗ್ರಪಾ! ಮತ್ತ ಟಕ್ ಅಂದೀತು!"

ಗೌರವ ಕೊಡುವುದು ನಮಗೆಲ್ಲ ಬರುತ್ತದೆ. ಕೊಟ್ಟ ಗೌರವವನ್ನು ತೆಗೆದುಕೊಂಡು ಮುಂದೆ ನಡೆಯುವುದನ್ನು ಕಲಿಯುವುದು ಯಾವಾಗ?