ಎವಾರಿಸ್ತೊ ಕೈಯಲ್ಲಿನ ಬುರುಡೆ
ನಮ್ಮ ರೊಸಾರಿಯೊ ಊರಿನ ಕ್ಷೌರಿಕ ಎವಾರಿಸ್ತೊ ನಡುಗುವ ಕೈಯಲ್ಲೂ ಯಾರ ಕಿವಿಯನ್ನೂ ಕೊಯ್ದವನಲ್ಲ, ತಲೆ ಕೊರೆದದ್ದೇ ಹೆಚ್ಚು. ಕತ್ತರಿ ಕೆಳಗಿಟ್ಟ ಮೇಲೂ ಅವನ ನಾಲಿಗೆ ಆಡುತ್ತಲೇ ಇರುತ್ತಿತ್ತು. ಅಂಗಡಿಯಲ್ಲಿ ನಾವೆಲ್ಲ ಸರದಿಯಂತೆ ಒಂದೇ ಸೋರೆಬುರುಡೆಯಿಂದ ಮಾಟೆ ಕಷಾಯ ಹೀರುವಾಗ, ಅದು ಅವನ ಕೈಗೆ ಹೋಯಿತೆಂದರೆ ಅರ್ಧ ನಮ್ಮ ಮೊಣಕಾಲಿಗೆ ಚೆಲ್ಲುತ್ತಿತ್ತು, ಉಳಿದರ್ಧ ಅವನ ಕಥೆ ಮುಗಿಯುವಷ್ಟರಲ್ಲಿ ಆರಿಹೋಗುತ್ತಿತ್ತು. "ಅದು ಮೈಕ್ ಅಲ್ಲ ಮಾರಾಯಾ, ಕುಡಿದು ಮುಂದಕ್ಕೆ ಕೊಡು!" ಎಂದು ಟ್ಯಾಕ್ಸಿ ಓಡಿಸುವ ಒರ್ಲಾಂಡೊ ದಿನಾ ಕೂಗುತ್ತಿದ್ದ. ಹೋದ ವರ್ಷ ಡಾಕ್ಟರು ಎವಾರಿಸ್ತೊನ ತಲೆ ಬೋಳಿಸಿ, ಕೊಯ್ಯದೆಯೇ, ಅಲ್ಟ್ರಾಸೌಂಡ್ ಅಲೆಗಳನ್ನು ಮಿದುಳಿನ ಒಂದು ಚುಕ್ಕೆಗೆ ಹಾಯಿಸಿ ನಡುಕ ನಿಲ್ಲಿಸಿದರು. "ಎಂಥಾ ಕೆಟ್ಟ ಕ್ಷೌರ! ನನಗೇ ಹೇಳಿದ್ರೆ ನೀಟಾಗಿ ಬೋಳಿಸ್ಕೊಂಡು ಹೋಗ್ತಿದ್ದೆ" ಅನ್ನುವುದೊಂದೇ ಇವನ ದೂರು. ಈಗ ಕೈ ಗೋಡೆಗೆ ಹೊಡೆದ ಮೊಳೆಯಷ್ಟು ಗಟ್ಟಿ. ಆದರೆ ಆ ಚಿಕಿತ್ಸೆಯಾದಾಗಿನಿಂದ ಮಾತುಗಳು ತಡವಾಗಿ ಬರುತ್ತವೆ. ಕಥೆಯ ನಡುವೆ ಯಾವುದೋ ಹೆಸರು ಸಿಗದೆ, ತುಂಬಿದ ಬುರುಡೆ ಹಿಡಿದು, ಒಂದು ಹನಿ ಚೆಲ್ಲದೆ ನಿಂತುಬಿಡುತ್ತಾನೆ. ಆಗ ಒರ್ಲಾಂಡೊನೂ ಸೇರಿ ನಾವೆಲ್ಲ ನೆಲ ನೋಡುತ್ತೇವೆ. ನಿನ್ನೆ ಎವಾರಿಸ್ತೊನೇ ರೇಗಿದ: "ಯಾಕ್ರೋ, ಸತ್ತೋರ ಮನೇಲಿ ಕೂತಂಗೆ ಕೂತಿದೀರಾ? ಅದು ಮೈಕ್ ಅಲ್ಲ ಅಂತ ಬೈಯ್ರೋ!"